ನಮ್ಮನ್ನಗಲಿದ ಭಾಂಡುಪ್‌ನ ತಾಯಂದಿರು

ಭಾಂಡುಪ್‌ನ ಚರಿತ್ರೆ ಎಂದೊಡನೆ ಸಿಯೆಟ್ ಟಯರ್, ಏಷ್ಯನ್ ಪೇಂಟ್ಸ್ ಕಾರ್ಖಾನೆಗಳ ಹೆಸರು ಬರುತ್ತದೆ. ಪಾಳಿಗೆ ಹೊರಡುವವರಿಗೆ ನಸುಕಿನಲ್ಲೇ ಡಬ್ಬಿ ಕಟ್ಟಿಕೊಟ್ಟವರ ಹೆಸರು ಬರುವುದಿಲ್ಲ. ಕರಾವಳಿಯಿಂದ ಮದುವೆಯಾಗಿ ಬಂದ ಆ ತಾಯಂದಿರನ್ನು ನಾನು ಹತ್ತಿರದಿಂದ ಬಲ್ಲೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡುವವರೆಗೆ ಊರು ಬಹಳ ದೂರ. ಬಾಣಂತನವಿರಲಿ, ಸಾವಿರಲಿ, ಚಾಳಿನ ನೆರೆಮನೆಯೇ ತವರು.

ಅವರಲ್ಲಿ ಕೆಲವರು ಕೊರೊನಾ ಕಾಲದಲ್ಲಿ ನಮ್ಮನ್ನಗಲಿದರು. ಚಾಳಿಗೆಲ್ಲ ಬಡಿಸಿದವರ ಅಂತ್ಯಕ್ರಿಯೆಗೆ 20 ಮಂದಿಗಷ್ಟೇ ಅನುಮತಿ. ನಿಧನವಾರ್ತೆಯಲ್ಲಿ ಉಳಿದದ್ದು ‘ಪತಿ, ಮಕ್ಕಳು, ಅಪಾರ ಬಂಧುಬಳಗ’, ಅವರ ದುಡಿಮೆಯಲ್ಲ.

ಸದಸ್ಯೆಯರೇ, ನಮ್ಮ ನಮ್ಮ ಮನೆಯಲ್ಲಿ ಬಾಳಿ ಹೋದ ಹಿರಿಯರ ತವರೂರು, ಮುಂಬಯಿಗೆ ಬಂದ ವರ್ಷ, ಇದ್ದ ಚಾಳು, ಮಾಡಿದ ಕೆಲಸ – ಇಷ್ಟನ್ನಾದರೂ ಬರೆದಿಡೋಣ. ಅವರ ಹೆಸರು ಸೇರದೆ ಭಾಂಡುಪ್‌ನ ಚರಿತ್ರೆ ಪೂರ್ಣವಾಗದು.