ಕೆಟ್ಟರೆ ಯಾವ ಕಡೆಗೆ?

ಕೋಳಿ ಹ್ಯಾಚರಿಗಳ ಮೆಷಿನು ರಿಪೇರಿ ಮಾಡುವುದರಲ್ಲೇ ನನ್ನ ಸರ್ವೀಸು ಮುಗಿಯಿತು. ಥರ್ಮೋಸ್ಟಾಟ್ ಕೊಳ್ಳುವವರು ಅದು ಎಷ್ಟು ಕರಾರುವಾಕ್ಕು ಎಂದು ಕೇಳುತ್ತಾರೆ. ನಾವು ರಿಪೇರಿಯವರು ಕೇಳುವುದು ಬೇರೆ: ಕೆಟ್ಟರೆ ಯಾವ ಕಡೆಗೆ ಕೆಡುತ್ತದೆ? ಹೀಟರು ಹತ್ತದ ಹಾಗೆ ಕೆಟ್ಟರೆ ಏನಾದರೂ ಮಾಡಲು ಸ್ವಲ್ಪ ಹೊತ್ತು ಸಿಗುತ್ತದೆ. ಆರದ ಹಾಗೆ ಕೆಟ್ಟರೆ ಬೆಳಗಾಗುವಷ್ಟರಲ್ಲಿ ಮೊಟ್ಟೆ ಬೆಂದಿರುತ್ತದೆ.

ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮಗ ಲೆಪರ್ಡ್ ಗೆಕೊ ಎಂಬ ಹಲ್ಲಿ ಸಾಕಿದ್ದಾನೆ. "ದೊಡ್ಡಪ್ಪ, ಕಡಿಮೆ ದುಡ್ಡಿಗೆ ಕೈಕೊಡದೇ ಇರೋ ಥರ್ಮೋಸ್ಟಾಟ್ ಯಾವುದು ಹೇಳಿ" ಎಂದು ಫೋನು ಮಾಡಿದ. ನಾನು ನಾನೂರು ವರ್ಷದ ಹಿಂದಿನಿಂದ ಶುರು ಮಾಡಿದೆ. ಅವನು ಸ್ವಲ್ಪ ಹೊತ್ತು ಕೇಳಿ, ಆಫೀಸಿದೆ ಎಂದು ಫೋನಿಟ್ಟ. ಉಳಿದದ್ದು ಇಲ್ಲಿದೆ.

ಕಾರ್ನೆಲಿಸ್ ಡ್ರೆಬೆಲ್ ಹಾಲೆಂಡಿನ ಆಲ್ಕ್‌ಮಾರ್ ಊರಿನವನು. ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸನ ಆಶ್ರಯದಲ್ಲಿದ್ದು, ಥೇಮ್ಸ್ ನದಿಯಲ್ಲಿ ಮುಳುಗುದೋಣಿ ನಡೆಸಿ ಹೆಸರಾದವನು, 1633ರಲ್ಲಿ ತೀರಿಕೊಂಡ. ಅವನು ಮಾಡಿದ ಕಾವಿನ ಪೆಟ್ಟಿಗೆಯಲ್ಲಿ ಕೆಳಗೆ ಬೆಂಕಿ, ಸುತ್ತ ನೀರು. ಒಳಗೆ ಆಲ್ಕೋಹಾಲು ತುಂಬಿದ ಗಾಜಿನ ಬುರುಡೆ, ಅದರ ಕೊಳವೆಯಲ್ಲಿ ಪಾದರಸ. ಬಿಸಿ ಏರಿದರೆ ಆಲ್ಕೋಹಾಲು ಹಿಗ್ಗಿ ಪಾದರಸವನ್ನು ನೂಕುತ್ತಿತ್ತು, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತಿತ್ತು, ಕಡ್ಡಿಯಿಂದಾಗಿ ಹೊಗೆ ಹೋಗುವ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಬೆಂಕಿ ತಾನಾಗಿ ತಗ್ಗುತ್ತಿತ್ತು. ಎಂಥ ತಲೆ! ಆದರೆ ನನ್ನ ಪ್ರಶ್ನೆ ಅದೇ. ಆ ಗಾಜು ಬಿರುಕು ಬಿಟ್ಟರೆ? ಪಾದರಸ ಏಳುವುದಿಲ್ಲ, ಬಾಯಿ ಮುಚ್ಚುವುದಿಲ್ಲ, ಬೆಂಕಿ ಉರಿಯುತ್ತಲೇ ಇರುತ್ತದೆ. ಈ ದೋಷ ಅಲ್ಲಿಂದ ಇಲ್ಲಿಯ ತನಕ ವಂಶಪಾರಂಪರ್ಯವಾಗಿ ಇಳಿದು ಬಂದಿದೆ.

ಇನ್ನೊಂದು ಹೆಜ್ಜೆ ಬಂದದ್ದು 1881ರಲ್ಲಿ. ಲಂಡನ್ನಿನ ಚಾರ್ಲ್ಸ್ ಹಿಯರ್ಸನ್ ಕೋಳಿಮೊಟ್ಟೆಯ ಪೆಟ್ಟಿಗೆಗೆಂದು ಒಂದು ಲೋಹದ ಬಿಲ್ಲೆ ಮಾಡಿದ. ಅದರ ಮೊಮ್ಮಕ್ಕಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ನಿಪ್ಪಟ್ಟಿನಗಲದ ಎರಡು ತೆಳು ಹಿತ್ತಾಳೆ ತಗಡು, ಅಂಚಿಗೆ ಬೆಸುಗೆ, ಒಳಗೆ ಈಥರಿನಂಥ ಬೇಗ ಕುದಿಯುವ ದ್ರವದ ಕೆಲವೇ ಹನಿ. ಅಂಗೈ ಮೇಲಿಟ್ಟುಕೊಂಡರೆ ಮೈಬಿಸಿಗೇ ಹೊಟ್ಟೆ ಉಬ್ಬಲು ಹೊರಡುತ್ತದೆ. ಹಿಯರ್ಸನ್ನನ ಪೆಟ್ಟಿಗೆಯಲ್ಲಿ ಆ ಉಬ್ಬು ಒಂದು ಸನ್ನೆಯನ್ನೆತ್ತಿ ದೀಪದ ಬಿಸಿಯನ್ನು ಮೊಟ್ಟೆಗೆ ಹೋಗಗೊಡದೆ ಹೊರಕ್ಕೆ ಬಿಡುತ್ತಿತ್ತು. ನಮ್ಮ ಕಾಲದಲ್ಲಿ ಒಂದು ಮೈಕ್ರೋಸ್ವಿಚ್ಚನ್ನು ಒತ್ತುತ್ತಿತ್ತು. ಹೊರಗಿನ ಗಾಳಿಯ ಒತ್ತಡ ಬದಲಾದರೂ ಬಿಲ್ಲೆಯ ಲೆಕ್ಕ ತಪ್ಪುತ್ತದೆ. ಮಂಗಳೂರಿನಲ್ಲಿ ಸೆಟ್ ಮಾಡಿದ್ದನ್ನು ಘಟ್ಟ ಹತ್ತಿಸಿ ಬೆಂಗಳೂರಿಗೆ ತಂದರೆ ಸ್ಕ್ರೂ ಮತ್ತೆ ತಿರುಗಿಸಲೇಬೇಕು. ಬೆಸುಗೆಯಲ್ಲಿ ಕೂದಲೆಳೆಯ ತೂತಾದರೂ ಈಥರ್ ಹಾರಿಹೋಗಿ, ಬಿಲ್ಲೆ ಉಬ್ಬದೆ, ಹೀಟರು ಆರದು. ಅದಕ್ಕೇ ಅನುಭವಸ್ಥರು ಒಂದರ ಪಕ್ಕದಲ್ಲಿ ಇನ್ನೊಂದು ಬಿಲ್ಲೆ ಕೂರಿಸಿ, ಅದನ್ನು ತುಸು ಮೇಲಿನ ಡಿಗ್ರಿಗೆ ಇಡುತ್ತಿದ್ದರು.

ಹಾವು ಹಲ್ಲಿಗಳಿಗೆಂದೇ ಬೇರೆ ಥರ್ಮೋಸ್ಟಾಟ್ ಮಾಡಿ ಮಾರುವ ವ್ಯಾಪಾರ ತೀರ ಈಚಿನದು. ಅದಕ್ಕೂ ಮುಂಚೆ ಅಮೆರಿಕದ ಹವ್ಯಾಸಿಗಳು ಹೋವಾಬೇಟರ್ ಎಂಬ ಕೋಳಿಮರಿಯ ಥರ್ಮೋಕೋಲ್ ಪೆಟ್ಟಿಗೆಯಲ್ಲೇ, ಇದೇ ಬಿಲ್ಲೆಯನ್ನು ನಂಬಿ, ಹಾವಿನ ಮೊಟ್ಟೆ ಮರಿ ಮಾಡಿಸಿದರು.

ಮೃಗಾಲಯಗಳ ಕಥೆ ಬೇರೆ. ಲಂಡನ್ ಮೃಗಾಲಯದಲ್ಲಿ ಸರೀಸೃಪಗಳಿಗೆಂದೇ ಮನೆ ಮಾಡಿದ್ದು 1849ರಲ್ಲಿ. ಆಗೆಲ್ಲ ಬಿಸಿ ಮಾಡುವುದೆಂದರೆ ಇಡೀ ಕಟ್ಟಡವನ್ನು ಬೆಚ್ಚಗಿಡುವುದು. ಅದನ್ನು ಬದಲಿಸಿದವರು ಜೋನ್ ಪ್ರಾಕ್ಟರ್. ಚಿಕ್ಕಂದಿನಿಂದ ಕಾಯಿಲೆಯ ಮೈ; ಆದರೂ 1923ರಲ್ಲಿ ಅಲ್ಲಿನ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು, ಕೊಮೊಡೊ ಡ್ರ್ಯಾಗನ್ ಎಂಬ ದೈತ್ಯ ಹಲ್ಲಿಯನ್ನು ಜೊತೆಗೆ ಅಡ್ಡಾಡಿಸಿದರು, 1931ರಲ್ಲಿ 34ನೇ ವಯಸ್ಸಿಗೇ ಹೋಗಿಬಿಟ್ಟರು. ಅವರು ವಿನ್ಯಾಸ ಮಾಡಿದ ಮನೆ 1927ರಲ್ಲಿ ತೆರೆಯಿತು. ಜನ ನಿಲ್ಲುವ ಕಡೆ ಮಬ್ಬು ಬೆಳಕು. ಒಂದೊಂದು ಗೂಡಿಗೂ ಅದರದೇ ವಿದ್ಯುತ್ ಹೀಟರು. ಗೂಡಿನ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು. ಎಲ್ಲಿರಬೇಕೆಂಬುದು ಪ್ರಾಣಿಯ ಇಷ್ಟ.

ಪ್ರಾಕ್ಟರ್ ಮಾಡಿದ್ದು ಎಷ್ಟು ಸರಿ ಎಂದು 1944ರಲ್ಲಿ ಗೊತ್ತಾಯಿತು. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಕ್ಯಾಲಿಫೋರ್ನಿಯಾದ ಮರುಭೂಮಿಯ ಹಲ್ಲಿಗಳನ್ನು ಹಿಡಿದು ಅವುಗಳ ಮೈಬಿಸಿ ಅಳೆದರು. ಹಲ್ಲಿ ಬಿಸಿಲಿಗೂ ನೆರಳಿಗೂ ಓಡಾಡಿಕೊಂಡೇ ತನ್ನ ಮೈಯನ್ನು ತಕ್ಕ ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತದೆ. ನೆರಳಿಗೆ ಬಿಡದೆ ಬಿಸಿಲಲ್ಲೇ ಉಳಿಸಿಕೊಂಡರೆ ಸಾಯುತ್ತದೆ. ಹಾಗಾದರೆ ಹಲ್ಲಿಯೇ ಥರ್ಮೋಸ್ಟಾಟ್. ನಮ್ಮ ಡಬ್ಬಿಗೆ ಉಳಿಯುವುದು ಬಿಸಿಯ ಮೂಲೆ ಹದ್ದು ಮೀರದಂತೆ ನೋಡುವ ಕೆಲಸ ಮಾತ್ರ. ಅದಕ್ಕೆ ಕಾಲು ಡಿಗ್ರಿಯ ನಿಖರತೆಗೆಂದು ದುಡ್ಡು ಸುರಿಯುವುದು ದಂಡ.

ಮೊಟ್ಟೆಗೆ ಓಡಾಡಲು ಕಾಲಿಲ್ಲ, ಅಲ್ಲಿ ಮಾತ್ರ ಡಿಗ್ರಿ ಲೆಕ್ಕಕ್ಕೆ ಬರುತ್ತದೆ. ಕಾವಿನ ಬಿಸಿಯೇ ಮರಿ ಹೆಣ್ಣೋ ಗಂಡೋ ಎಂದು ತೀರ್ಮಾನಿಸಬಲ್ಲದು ಎಂದು ಮದಲೀನ್ ಶಾರ್ನಿಯೆ 1966ರಲ್ಲಿ ಆಫ್ರಿಕದ ಅಗಾಮಾ ಓತಿಯಲ್ಲಿ ತೋರಿಸಿದರು. ಲೆಪರ್ಡ್ ಗೆಕೊ ಮೊಟ್ಟೆ 26 ಡಿಗ್ರಿಯಲ್ಲಿದ್ದರೆ ಹೆಚ್ಚಿನವು ಹೆಣ್ಣು, 32-33ರಲ್ಲಿ ಹೆಚ್ಚಿನವು ಗಂಡು, ಇನ್ನೂ ಏರಿದರೆ ಮತ್ತೆ ಹೆಣ್ಣು. ನಮ್ಮ ಕೆರೆ ಹೊಳೆಗಳ ಮೊಸಳೆಯ ಮೊಟ್ಟೆಯಲ್ಲೂ ಗಂಡು ಹೆಚ್ಚುವುದು 32.5ರ ಆಸುಪಾಸಿನಲ್ಲೇ.

ಈಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಡಿಜಿಟಲ್ ಕಂಟ್ರೋಲರ್ ಸಿಗುತ್ತದೆ, ತಂತಿಯ ತುದಿಯಲ್ಲಿ ಸೆನ್ಸರು, ಒಳಗೆ ಹೀಟರನ್ನು ಹತ್ತಿಸಿ ಆರಿಸುವ ಒಂದು ರಿಲೇ. ರಿಲೇಯ ಕಾಂಟ್ಯಾಕ್ಟು ಕಿಡಿಗೆ ಕರಗಿ ಅಂಟಿಕೊಂಡರೆ ಹೀಟರು ಆರದು. ಸೆನ್ಸರು ಜಾರಿ ಹೊರಗೆ ತಣ್ಣನೆಯ ನೆಲಕ್ಕೆ ಬಿದ್ದರೂ ಅದೇ ಗತಿ. ದುಬಾರಿಯವು ಹೀಟರಿಗೆ ಹೋಗುವ ಕರೆಂಟನ್ನೇ ಏರಿಸಿ ಇಳಿಸಿ ಹದವಾಗಿ ಕೆಲಸ ಮಾಡುತ್ತವೆ, ಬಲ್ಬಿಗೆ ಅವೇ ಒಳ್ಳೆಯವು. ಆದರೆ ಅವುಗಳೊಳಗೆ ರಿಲೇಯ ಕೆಲಸ ಮಾಡುವ ಟ್ರಯಾಕ್ ಸುಟ್ಟರೂ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸುಡುತ್ತದೆ, ಆಗಲೂ ಹೀಟರು ಆರದು.

ನಾನಾದರೆ ಅಗ್ಗದವೇ ಎರಡು ಕೊಂಡು ಒಂದರ ಹಿಂದೊಂದು ಸೀರೀಸಿನಲ್ಲಿ ಹಾಕಿ, ಎರಡನೆಯದನ್ನು ಎರಡು ಮೂರು ಡಿಗ್ರಿ ಮೇಲಕ್ಕೆ ಇಡುತ್ತೇನೆ. ಸೆನ್ಸರನ್ನು ಅಲುಗದ ಹಾಗೆ ಬಿಗಿಯುತ್ತೇನೆ. ಹೀಟರು ಎಷ್ಟು ಬೇಕೋ ಅಷ್ಟೇ ವ್ಯಾಟಿನದು, ರಾತ್ರಿಯಿಡೀ ಉರಿದರೂ ಗೂಡಿನ ಆ ತುದಿ ತಂಪಾಗಿಯೇ ಉಳಿಯುವಷ್ಟು ಚಿಕ್ಕದು. ಚಿಕ್ಕ ಹೀಟರಿನ ಬೆಲೆಯೂ ಕಡಿಮೆ.