ಹಾಲಿಲ್ಲದ ತೊಗಟೆ

ಆಟಿ ಅಮಾವಾಸ್ಯೆಯ ಬೆಳಗ್ಗೆ ನಮ್ಮ ಮನೆಯಲ್ಲಿ ಯಾರೂ ಕಾಫಿಯ ಹೆಸರೆತ್ತುವಂತಿರಲಿಲ್ಲ. ಕಾಪುವಿನ ಮಳೆಯೆಂದರೆ ಕಡಲಿನ ಸದ್ದನ್ನೂ ನುಂಗುವ ಮಳೆ. ಆ ಮಳೆಯಲ್ಲಿ ಮಕ್ಕಳನ್ನೆಲ್ಲ ಕಂಬಳಿಯೊಳಗಿಂದ ಎಬ್ಬಿಸಿ ಅಡುಗೆಮನೆಯ ಹೊಸ್ತಿಲ ಬಳಿ ಸಾಲಾಗಿ ಕುಳ್ಳಿರಿಸುತ್ತಿದ್ದರು. ಅಜ್ಜಿಯ ಕೈಯಲ್ಲಿ ಲೋಟ. ಲೋಟದಲ್ಲಿ ಕೆಸರುಬಣ್ಣದ ಕಷಾಯ. "ಮೂಗು ಹಿಡಿದು ಒಂದೇ ಗುಟುಕಿಗೆ ಕುಡಿ ಮಗಾ. ಉಗುಳಿದರೆ ಇನ್ನೊಂದು ಲೋಟ ಉಂಟು." ಆ ಎರಡನೆಯ ಲೋಟದ ಭಯಕ್ಕೇ ನಾವು ಮೊದಲನೆಯದನ್ನು ನುಂಗುತ್ತಿದ್ದೆವು.

ಜುಲೈ-ಆಗಸ್ಟ್ ಸುಮಾರಿಗೆ ಬರುವ ಆಟಿ ತುಳುನಾಡಿನಲ್ಲಿ ಕಷ್ಟದ ತಿಂಗಳು. ಗದ್ದೆಯ ಕೆಲಸ ಮುಗಿದಿರುತ್ತದೆ, ಕಣಜ ಬರಿದಾಗಿರುತ್ತದೆ, ಜ್ವರ ಅತಿಸಾರಗಳು ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ. ಆ ತಿಂಗಳ ಅಮಾವಾಸ್ಯೆಯಂದು ಪಾಲೆಯ ಮರಕ್ಕೆ ಸಾವಿರದೊಂದು ಮದ್ದುಗಳು ಬಂದು ಸೇರುತ್ತವೆಂದು ಹಿರಿಯರ ನಂಬಿಕೆ. ಪಾಲೆಯೆಂದರೆ ಘಟ್ಟದ ಮೇಲಿನವರ ಹಾಲೆಮರ ಅಥವಾ ಮದ್ದಾಲೆ, ಸಂಸ್ಕೃತದ ಸಪ್ತಪರ್ಣ. ಸೂರ್ಯ ಹುಟ್ಟುವ ಮೊದಲೇ, ಕಬ್ಬಿಣ ಸೋಕಿಸದೆ, ಕಲ್ಲಿನಿಂದ ಜಜ್ಜಿ ಅದರ ತೊಗಟೆಯನ್ನು ತರಬೇಕು. ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ಹಿಂಡಿದ ರಸಕ್ಕೆ ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಿಸಿ ಚುಂಯ್ ಎಂದು ಹಾಕಬೇಕು. ಕುಡಿದ ಮೇಲೆ ಉಷ್ಣ ತಣಿಯಲು ಮೆಂತೆಯ ಗಂಜಿ. ಆ ಗಂಜಿಗಾಗಿಯೇ ನಾನು ಕಷಾಯವನ್ನು ಕ್ಷಮಿಸುತ್ತಿದ್ದೆನೆಂದು ಇಂದು ಹೇಳಬಹುದು.

ಈ ಮದ್ದಿನಲ್ಲಿ ನಿಜವಾಗಿ ಏನಿದೆ? ಅಜ್ಜಿಯನ್ನು ಹಾಗೆ ಕೇಳುವ ಧೈರ್ಯ ನಮಗಿರಲಿಲ್ಲ. ಆದರೆ ಅಜ್ಜಿ ಹುಟ್ಟುವುದಕ್ಕೂ ಬಹಳ ಮೊದಲೇ ದೂರದೂರದ ಜನ ಅದನ್ನು ಕೇಳುತ್ತ ಬಂದಿದ್ದಾರೆ.

ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಬರೆಯಿಸಿದ 'ಹಾರ್ಟಸ್ ಮಲಬಾರಿಕಸ್' ಎಂಬ ಸಸ್ಯಗ್ರಂಥದ ಮೊದಲನೆಯ ಸಂಪುಟ ೧೬೭೮ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಈ ಮರ 'ಪಾಲ' ಎಂಬ ತನ್ನ ಹೆಸರಿನಿಂದಲೇ ನಿಂತಿದೆ. ಆ ಗ್ರಂಥಕ್ಕೆ ನೆರವಾದವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ, ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಮುಂದೆ ಲಿನೇಯಸ್ ಇದಕ್ಕೆ 'ಸ್ಕೊಲಾರಿಸ್' ಎಂಬ ವಿಶೇಷಣವನ್ನು ಕೊಟ್ಟ. ಇದರ ಹಗುರ ಹಲಗೆ ಶಾಲೆಯ ಮಕ್ಕಳ ಬರೆಯುವ ಹಲಗೆಯಾಗುತ್ತಿತ್ತಂತೆ. ಎಡಿನ್‌ಬರೋದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಆಲ್‌ಸ್ಟನ್ ಎಂಬವನ ನೆನಪಿಗೆ ಅದು ಕೊನೆಗೆ 'ಆಲ್‌ಸ್ಟೋನಿಯಾ ಸ್ಕೊಲಾರಿಸ್' ಆಯಿತು. ಶಾಲೆಗೆ ಹೋಗುವ ಮಕ್ಕಳಿಗೆ ಇದನ್ನು ಕುಡಿಸುತ್ತಿದ್ದ ನಮ್ಮ ಅಜ್ಜಿಗೆ ಈ ಹೆಸರು ತಿಳಿದಿದ್ದರೆ ಬಹಳ ಸಂತೋಷವಾಗುತ್ತಿತ್ತು.

೧೮೬೮ರಲ್ಲಿ ವೇರಿಂಗ್ ಸಿದ್ಧಪಡಿಸಿದ ಇಂಡಿಯಾದ ಫಾರ್ಮಕೋಪಿಯಾ ಪಾಲೆಯ ತೊಗಟೆಗೆ ಸರಕಾರಿ ಔಷಧದ ಸ್ಥಾನ ಕೊಟ್ಟಿತು. ಕ್ವಿನೈನ್ ದುಬಾರಿಯಾಗಿದ್ದ ಕಾಲ ಅದು. ಫಿಲಿಪೀನ್ಸಿನಲ್ಲಿ ಇದೇ ಮರಕ್ಕೆ 'ದಿತಾ' ಎಂದು ಹೆಸರು. ಮನಿಲಾದ ಔಷಧತಜ್ಞ ಗ್ರುಪ್ಪೆ ಅದರಿಂದ 'ದಿತಾಯಿನ್' ಎಂಬ ಸತ್ತ್ವವನ್ನು ತೆಗೆದು, ಕ್ವಿನೈನಿಗೆ ಇದು ಸರಿಸಮಾನವೆಂದು ಸಾರಿದ. ಯುರೋಪಿನ ರಸಾಯನಶಾಸ್ತ್ರಜ್ಞರು ಹುರುಪಿನಿಂದ ತೊಗಟೆಯ ಬೆನ್ನು ಹತ್ತಿದರು. ಆದರೆ ೧೯೪೨ರಲ್ಲಿ ಬಿ. ಮುಖರ್ಜಿ ಮತ್ತು ಸಂಗಡಿಗರು 'ಇಂಡಿಯನ್ ಮೆಡಿಕಲ್ ಗೆಜೆಟ್'ನಲ್ಲಿ ಪ್ರಕಟಿಸಿದ ಪರೀಕ್ಷೆಯ ತೀರ್ಪು ನಿರಾಶೆಯದು: ಮಲೇರಿಯಾದ ಮೇಲೆ ಇದರ ಆಟ ನಡೆಯದು. ೧೯೯೦ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಮಲೇರಿಯಾ ತಗಲಿಸಿದ ಇಲಿಗಳಿಗೆ ತೊಗಟೆಯ ಸತ್ತ್ವವನ್ನು ಕೊಟ್ಟರು. ರೋಗಾಣು ಸಾಯಲಿಲ್ಲ, ಆದರೂ ಒಂದು ಬಗೆಯ ಸತ್ತ್ವ ಪಡೆದ ಇಲಿಗಳು ಸ್ವಲ್ಪ ಚೇತರಿಸಿಕೊಂಡು, ತಡವಾಗಿ ಸತ್ತವು. ಇದನ್ನು ಗೆಲವೆನ್ನುವುದೋ ಸೋಲೆನ್ನುವುದೋ, ಇಲಿಗಳನ್ನೇ ಕೇಳಬೇಕು.

ಇನ್ನು ನಮ್ಮೂರಿನ ಮಗ್ಗುಲಿಗೇ ಬರೋಣ. ೧೯೫೩ರಲ್ಲಿ ಡಾ. ಟಿ.ಎಂ.ಎ. ಪೈಯವರು ಉಡುಪಿಯ ಪೂರ್ವದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆದರು. ಅರ್ಧಶತಮಾನ ಕಳೆದ ಮೇಲೆ, ಆ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗದಲ್ಲಿ ಗಣೇಶ ಚಂದ್ರ ಜಗೇಟಿಯಾ, ಮಂಜೇಶ್ವರ ಶ್ರೀನಾಥ ಬಾಳಿಗ ಮೊದಲಾದವರು ಪಾಲೆಯನ್ನು ಪರೀಕ್ಷೆಗೆ ಎತ್ತಿಕೊಂಡರು. ಅವರು ಹುಡುಕುತ್ತಿದ್ದುದು ಚಳಿಜ್ವರದ ಮದ್ದನ್ನಲ್ಲ. ಅರ್ಬುದದ ಜೀವಕೋಶಗಳನ್ನು ಕೊಲ್ಲುವ ಶಕ್ತಿ ಇದಕ್ಕಿದೆಯೇ ಎಂಬುದನ್ನು. ಆದರೆ ಅವರು ಕೇಳಿಕೊಂಡ ಒಂದು ಪ್ರಶ್ನೆ ನಮ್ಮ ಅಜ್ಜಿಯದೇ ಆಗಿತ್ತು: ಯಾವ ಕಾಲದಲ್ಲಿ ತಂದರೆ ಮದ್ದಿಗೆ ಬಲ ಹೆಚ್ಚು?

ಮಳೆಗಾಲ, ಚಳಿಗಾಲ, ಬೇಸಗೆಗಳಲ್ಲಿ ತಂದುದನ್ನು ಬೇರೆಬೇರೆಯಾಗಿ ಪರೀಕ್ಷಿಸಿದರು. ೨೦೦೫ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಅರ್ಬುದದ ಕೋಶಗಳನ್ನು ಹೆಚ್ಚು ಕೊಂದದ್ದು ಬೇಸಗೆಯದು. ಹಾಗಾದರೆ ಆಟಿಯ ನಂಬಿಕೆ ಸುಳ್ಳಾಯಿತೇ? ಅದಕ್ಕೆ ಹಿಂದಿನ ವರ್ಷವೇ ಪ್ರಕಟವಾಗಿದ್ದ ಅವರ ಇನ್ನೊಂದು ಲೇಖನವನ್ನೂ ಜೊತೆಗಿಟ್ಟು ಓದಬೇಕು. ಅದು ವಿಷದ ಪರೀಕ್ಷೆ. ಸತ್ತ್ವವನ್ನು ಬಾಯಿಯ ಮೂಲಕ ಕೊಟ್ಟಾಗ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೨೦೦೦ ಮಿಲಿಗ್ರಾಮಿನವರೆಗೂ ಇಲಿಗಳಿಗೆ ವಿಷವೇರಲಿಲ್ಲ. ಅದನ್ನೇ ಸೂಜಿಯಿಂದ ಹೊಟ್ಟೆಯೊಳಕ್ಕೆ ಚುಚ್ಚಿದಾಗ ೧೧೦೦ ಮಿಲಿಗ್ರಾಮಿಗೇ ಬಹಳಷ್ಟು ಸತ್ತವು. ಕಾಲಗಳಲ್ಲಿ ಅತಿ ಹೆಚ್ಚು ವಿಷ ಬೇಸಗೆಯದು, ಆಮೇಲೆ ಚಳಿಗಾಲದ್ದು, ಎಲ್ಲಕ್ಕಿಂತ ಕಡಿಮೆ ಮಳೆಗಾಲದ್ದು.

ಈ ಕೊನೆಯ ಮಾತನ್ನು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಹಿರಿಯರು ಬಲದ ಕಾಲವೆಂದುಕೊಂಡು ಆರಿಸಿದ್ದು ಸೌಮ್ಯದ ಕಾಲವನ್ನೋ? ಎಷ್ಟೋ ತಲೆಮಾರುಗಳ ಹೊಟ್ಟೆನೋವು ಅದನ್ನು ಅವರಿಗೆ ಕಲಿಸಿತೋ? ಇದು ನನ್ನ ಊಹೆ ಮಾತ್ರ. ಮಣಿಪಾಲದವರು ಪರೀಕ್ಷಿಸಿದ್ದು ಮದ್ಯಸಾರ ಬೆರೆತ ನೀರಿನಲ್ಲಿ ಇಳಿಸಿದ ಸತ್ತ್ವವನ್ನು, ಬೆಣಚುಕಲ್ಲಿನ ಒಗ್ಗರಣೆ ಬಿದ್ದ ಕಷಾಯವನ್ನಲ್ಲ. ಇಲಿಗಳ ಮೇಲೆ, ವರ್ಷಕ್ಕೊಮ್ಮೆ ಒಂದು ಲೋಟ ಕುಡಿಯುವ ಮಕ್ಕಳ ಮೇಲಲ್ಲ. ಪಾಲೆಯ ಕಷಾಯ ಅರ್ಬುದವನ್ನು ಗುಣಪಡಿಸುತ್ತದೆಂದು ಯಾರಾದರೂ ಈ ಲೇಖನಗಳನ್ನು ಹಿಡಿದುಕೊಂಡು ಹೇಳಿದರೆ, ಅವರು ಲೇಖನವನ್ನು ಓದಿಲ್ಲವೆಂದೇ ತಿಳಿಯಬೇಕು.

ಇಂಥ ಪರೀಕ್ಷೆಗಳಲ್ಲೆಲ್ಲ ಒಂದು ಸಂಗತಿ ಮೊದಲೇ ಇತ್ಯರ್ಥವಾಗಿರುತ್ತದೆ. ತಂದ ಮರ ಪಾಲೆಯೇ ಹೌದೆಂದು ಸಸ್ಯಶಾಸ್ತ್ರ ಬಲ್ಲವರು ನೋಡಿ ಹೇಳಿರುತ್ತಾರೆ. ಅಮಾವಾಸ್ಯೆಯ ಕತ್ತಲಲ್ಲಿ ಹಾಗೆ ಹೇಳುವವರು ಯಾರು?

ನನಗೆ ಹದಿನೇಳು ವರ್ಷವಾಗಿದ್ದಾಗ, ಕಾರ್ಕಳದ ಹತ್ತಿರ ಸೋದರಮಾವನ ಮನೆಯಲ್ಲಿ ಆಟಿ ಅಮಾವಾಸ್ಯೆ ಬಂತು. ಮಾವನಿಗೆ ಕಾಲುನೋವು, ತೊಗಟೆ ತರಲು ನಾನೇ ಮುಂದಾದೆ. ಗುಡ್ಡದ ಬದಿಯ ಮರ ನನಗೆ ಗೊತ್ತಿತ್ತು, ಅಂದರೆ ಹಗಲಿನಲ್ಲಿ ಗೊತ್ತಿತ್ತು. ಸುರಿಯುವ ಮಳೆಯಲ್ಲಿ ಕಲ್ಲಿನಿಂದ ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ದೊಡ್ಡ ಶೂರನಂತೆ ತಂದೊಪ್ಪಿಸಿದೆ. ಮಾವ ಅದನ್ನು ಚಿಮಣಿಯ ಬೆಳಕಿಗೆ ಹಿಡಿದು ಉಗುರಿನಿಂದ ಗೀರಿದರು.

"ಹಾಲೆಲ್ಲಿ ಉಂಟು ಮಾರಾಯ?"

"ಮಳೆಗೆ ತೊಳೆದು ಹೋಗಿರಬೇಕು ಮಾವ."

ಮಾವ ಮಾತಾಡದೆ ಗೊರಬು ಹೊದ್ದು, ಕುಂಟುತ್ತ, ನನ್ನನ್ನು ಮುಂದಿಟ್ಟುಕೊಂಡು ಗುಡ್ಡಕ್ಕೆ ನಡೆದರು. ಅಷ್ಟರಲ್ಲಿ ಬೆಳಕು ಹರಿದಿತ್ತು. ಪಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಐದು, ಆರು, ಏಳಾಗಿ ಕೊಡೆಯಂತೆ ಹರಡಿರುತ್ತವೆ. ನಾನು ಜಜ್ಜಿದ ಮರದ ಎಲೆಗಳು ಎರಡೆರಡಾಗಿ ಎದುರುಬದುರು ನಿಂತಿದ್ದವು. ಅದು ಕಾಸರಕ. ಸ್ಟ್ರಿಕ್‌ನಿನ್, ಬ್ರೂಸಿನ್ ಎಂಬ ವಿಷಗಳ ಮರ. ಅದರ ತೊಗಟೆಯೂ ಪಾಲೆಯಂತೆ ಕಹಿಯೇ, ನಾಲಗೆಯನ್ನು ನಂಬುವಂತಿಲ್ಲ. ಆ ಬೆಳಗ್ಗೆ ಮನೆಯಲ್ಲಿ ಮಕ್ಕಳೂ ಸೇರಿ ಒಂಬತ್ತು ಮಂದಿ ಬರಿ ಹೊಟ್ಟೆಯಲ್ಲಿ ಕಾದಿದ್ದರು. ಮಾವ ಬೈಯಲಿಲ್ಲ. ತೊಗಟೆಯನ್ನು ಹೂಳಿಸಿ, ನನ್ನ ಕೈಗಳನ್ನು ಮೂರು ಸಲ ತೊಳೆಸಿದರು. ಆ ವರ್ಷ ಆ ಮನೆಯಲ್ಲಿ ಕಾಫಿ ಕುಡಿದೆವು.

ಈ ತಪ್ಪು ನನ್ನೊಬ್ಬನದೇ ಅಲ್ಲವೆಂದು ಬಹುಕಾಲದ ಮೇಲೆ ತಿಳಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ದಕ್ಷಿಣ ಅಮೆರಿಕದ 'ಅಂಗುಸ್ತೂರ' ಎಂಬ ಜ್ವರದ ತೊಗಟೆಯೊಂದಿಗೆ ಬೇರಾವುದೋ ತೊಗಟೆ ಬೆರೆತು ಯುರೋಪಿನಲ್ಲಿ ಜನ ವಿಷವೇರಿ ನರಳಿದರು. ಅದಕ್ಕೆ 'ಸುಳ್ಳು ಅಂಗುಸ್ತೂರ' ಎಂದು ಹೆಸರಾಯಿತು. ಅದು ಕಾಸರಕದ ತೊಗಟೆಯೆಂದು ಗೊತ್ತಾದದ್ದು ಆಮೇಲೆ. ಕಲ್ಕತ್ತೆಯ ಬಜಾರಿನಲ್ಲೂ ಇದೇ ತೊಗಟೆ, ರೋಹಿಣಿ ಎಂಬ ಇನ್ನೊಂದು ಜ್ವರದ ಮರದ ಹೆಸರಿನಲ್ಲಿ ಮಾರಾಟವಾಗುತ್ತಿತ್ತೆಂದು ಆ ಶತಮಾನದ ಔಷಧಗ್ರಂಥಗಳು ಹೇಳುತ್ತವೆ. ಪ್ಯಾರಿಸಿನ ಪೆಲೆತಿಯೆ ಮತ್ತು ಕಾವೆಂತು ೧೮೧೯ರಲ್ಲಿ ಆ ಸುಳ್ಳು ತೊಗಟೆಯಿಂದ ಒಂದು ವಿಷವನ್ನು ಬೇರ್ಪಡಿಸಿದರು. ಮರುವರ್ಷ ಕ್ವಿನೈನನ್ನು ಕಂಡುಹಿಡಿದವರೂ ಇವರೇ. ಆದರೆ ಆ ತೊಗಟೆ ಅಬಿಸೀನಿಯಾದ 'ಬ್ರೂಸಿಯಾ' ಎಂಬ ಗಿಡದ್ದೆಂದು ನಂಬಿ ವಿಷಕ್ಕೆ 'ಬ್ರೂಸಿನ್' ಎಂದು ಹೆಸರಿಟ್ಟರು. ಬ್ರೂಸಿಯಾದಲ್ಲಿ ಬ್ರೂಸಿನ್ ಇಲ್ಲವೇ ಇಲ್ಲ! ಮರ ತಪ್ಪಿದ್ದರ ಗುರುತು ವಿಷದ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಅಂಥ ಪಂಡಿತರೇ ಎಡವಿದ ಮೇಲೆ ನನ್ನದೇನು ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಅವರು ಒಂಬತ್ತು ಮಂದಿಗೆ ಕಷಾಯ ಕುಡಿಸಲು ಹೊರಟಿರಲಿಲ್ಲ.

ಈಗ ಉಡುಪಿಯಂಥ ಪೇಟೆಗಳಲ್ಲಿ ಆಟಿ ಅಮಾವಾಸ್ಯೆಯಂದು ಸಂಘಸಂಸ್ಥೆಗಳು ಕಷಾಯ ಹಂಚುತ್ತವೆ. ಮರವನ್ನೇ ಕಾಣದ ಮಕ್ಕಳು ಸಾಲಿನಲ್ಲಿ ನಿಂತು ಕುಡಿಯುತ್ತಾರೆ. ಬಲ್ಲವರು ತಂದ ತೊಗಟೆಯಾದರೆ ನನಗೂ ಒಂದು ಲೋಟ ಇರಲಿ.

ಮಾವ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಕ್ಕಳು ಅಮಾವಾಸ್ಯೆಯ ಹಿಂದಿನ ಸಂಜೆ, ಇನ್ನೂ ಬೆಳಕಿರುವಾಗಲೇ ಗುಡ್ಡಕ್ಕೆ ಹೋಗಿ, ಎಲೆ ಎಣಿಸಿ, ಹಾಲು ನೋಡಿ, ಕಾಂಡಕ್ಕೆ ಬಿಳಿ ನೂಲು ಕಟ್ಟಿ ಬರುತ್ತಾರೆ. ನಾನು ಅಲ್ಲಿರುವ ವರ್ಷ ನೂಲು ಕಟ್ಟುವ ಕೆಲಸವನ್ನು ನನಗೆ ಬಿಡುತ್ತಾರೆ. ಎಣಿಸುವ ಕೆಲಸವನ್ನು ಮಾತ್ರ ಇದುವರೆಗೆ ಕೊಟ್ಟಿಲ್ಲ.