ಶರ್ಯತ್ತಿನ ಎತ್ತು

ನಮ್ಮ ಕುಡಚಿ ಸೀಮೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿ ಶರ್ಯತ್ತೆಂದರೆ ಗಂಡಸರಿಗೆ ಹುರುಪು, ಬಾಸುಂಡೆಗೆ ಅರಿಶಿನ ಹಚ್ಚುವ ಕೆಲಸ ಹೆಂಗಸರಿಗೆ. ‘ಹೊಡದು ಗೆದ್ದು ಬಂದ್ರ ನಾ ಆರತಿ ಬೆಳಗಾಕಿ ಅಲ್ಲ’ ಎಂಬುದು ನಮ್ಮಜ್ಜಿಯ ಕಾಯಿದೆ. ಅಂಥದೇ ದೂರು ದಿಲ್ಲಿಗೂ ಮುಟ್ಟಿ, 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಗಾಡಿ ಓಟವನ್ನೂ ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಸರ್ಕಾರ ಕಾಯಿದೆ ತಿದ್ದಿ, ಅನಗತ್ಯ ನೋವು ಕೊಡಬಾರದೆಂಬ ಷರತ್ತಿನ ಮೇಲೆ ಕಂಬಳಕ್ಕೂ ಗಾಡಿ ಓಟಕ್ಕೂ ಒಪ್ಪಿಗೆ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಟ್ರ್ಯಾಕ್ಟರು ಬಂದು ನಮ್ಮ ಓಣಿಯ ಗೋದಲಿಗಳೇ ಬರಿದಾಗಿದ್ದವು. ಓಟ ಮರಳಿತು. ನಸುಕಿನಲ್ಲೆದ್ದು ಕಣಕಿ ಹಾಕುವವರು ಈಗ ಎಷ್ಟು ಮನೆಗಳಲ್ಲಿ ಉಳಿದಿದ್ದೇವೆ, ಹೇಳಿ?